ಸರಿಯಿದ್ದ ಬಾಗಿಲನ್ನು ಅಳಿಸಿದ ಮಳೆಗಾಲ

೧೯೭೮ ಜೂನ್ ೧೧, ಭಾನುವಾರ, ಬೆಳಿಗ್ಗೆ ಏಳು ಇಪ್ಪತ್ತು. ಮುಲುಂಡಿನ ನಮ್ಮ ಮನೆಯ ಗ್ಯಾಲರಿಯಲ್ಲಿ ಕೂತು, ಕನ್ನಡ ಪತ್ರಿಕೆಗೆ ಕಳಿಸಲೆಂದು ಇದನ್ನು ಶುರು ಮಾಡಿದ್ದೇನೆ. ಮಳೆ ಇನ್ನೂ ಹಿಡಿದಿಲ್ಲ. ಹೋದ ವಾರ ಎರಡು ಸಲ ಹನಿಯಿತು, ಅಷ್ಟೆ.

ಮೊನ್ನೆ ಗುರುವಾರ ಫೋರ್ಟಿನ ನಮ್ಮ ಆಫೀಸಿಗೆ ಪ್ರತಿ ತೆಗೆಯುವ ಹೊಸ ಸೈಕ್ಲೋಸ್ಟೈಲ್ ಯಂತ್ರ ಬಂತು. ಸಿಪಾಯಿ ಅದಕ್ಕೆ ಶಾಯಿ ತುಂಬಿ ಹಿಡಿ ತಿರುಗಿಸಿದ. ಹಳಸಿದ ಎಣ್ಣೆಗೆ ಸೀಮೆಎಣ್ಣೆ ಬೆರೆಸಿದಂಥ ಆ ವಾಸನೆ ಮೂಗಿಗೆ ಬಂದದ್ದೇ ನಾನು ಸೆರಗು ಹಿಡಿದುಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತೆ. ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ. ಪಕ್ಕದ ಮೇಜಿನ ಹುಡುಗಿ "ಪಿತ್ತ ಝಾಲಂ ಕಾ?" ಎಂದು ಕೇಳಿ ತನ್ನ ಡಬ್ಬಿಯಿಂದ ಒಣ ಶುಂಠಿ ಕೊಟ್ಟಳು. ಪಿತ್ತವಲ್ಲ ಎಂದು ನನಗೆ ಗೊತ್ತಿತ್ತು. ಆ ವಾಸನೆ ಯಾವ ವರ್ಷದ್ದು, ಯಾವ ವಾರದ್ದು ಎಂಬುದೂ ಗೊತ್ತಿತ್ತು. ಮನೆಗೆ ಬಂದು ಟ್ರಂಕಿನಿಂದ ೧೯೭೪ರ ದಿನಚರಿ ತೆಗೆದೆ. ಅದರ ಸೆಪ್ಟೆಂಬರ್ ಪುಟಗಳ ನಡುವೆ ನಾಲ್ಕು ಮಡಿಕೆ ಮಾಡಿದ ಒಂದು ಸೈಕ್ಲೋಸ್ಟೈಲ್ ಹಾಳೆ ಇದೆ. ಬಿಚ್ಚಲು ಮೂರು ದಿನ ಬೇಕಾಯಿತು.

ಆ ವರ್ಷ ನನಗೆ ಇಪ್ಪತ್ತೆರಡು. ಧಾರವಾಡದ ಕಡೆಯಿಂದ ಬಂದು ಮುಲುಂಡಿನಲ್ಲಿ ನೆಲೆಸಿದ ಸಂಬಳದವರ ಮನೆ ನಮ್ಮದು, ಅಡ್ಡಹೆಸರು ಕಟ್ಟಿ. ಶಿಕ್ಷಕಿಯ ಪರೀಕ್ಷೆ ಮುಗಿಸಿದವಳಿಗೆ ಮಲಾಡಿನ ಒಂದು ಕನ್ನಡ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು, ತಾತ್ಕಾಲಿಕ. ಬೆಳಿಗ್ಗೆ ಮುಲುಂಡಿನಿಂದ ದಾದರಿಗೆ ಒಂದು ಲೋಕಲ್, ದಾದರಿನಲ್ಲಿ ಸೇತುವೆ ದಾಟಿ ಮಲಾಡಿಗೆ ಇನ್ನೊಂದು. ಶಾಲೆ ಇದ್ದದ್ದು ಒಂದು ಹಿಟ್ಟಿನ ಗಿರಣಿಯ ಮೇಲೆ. ಜೂನ್ ೧೦, ಸೋಮವಾರ, ಮೊದಲ ದಿನದ ನನ್ನ ದಿನಚರಿಯಲ್ಲಿ ಹೀಗಿದೆ: ಮೆಟ್ಟಿಲು ೨೩. ಗೋಡೆಯ ಮೇಲೆ ಎಲೆಯಡಿಕೆ ಉಗುಳಿದ ಕಲೆ ೪೧. ನನ್ನ ತರಗತಿ, ಐದನೇ ಇಯತ್ತೆಯ ಮಕ್ಕಳು ೪೨. ಇಂಗ್ಲಿಷ್ ಮಾತಾಡುವವರು ೦.

ನಮ್ಮಂಥ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದನೇ ಇಯತ್ತೆಯಲ್ಲಿ. ಹೋಟೆಲಿನವರ, ಬಂದರಿನ ಗೋದಿ ಕೆಲಸದವರ, ಕಟ್ಟಡ ಕೆಲಸದವರ ಮಕ್ಕಳು. ಮನೆಯಲ್ಲಿ ತುಳುವೋ ಕೊಂಕಣಿಯೋ ಬಿಜಾಪುರದ ಕನ್ನಡವೋ, ಬೀದಿಯಲ್ಲಿ ಹಿಂದಿ, ನಲ್ಲಿಯ ಹತ್ತಿರ ಮರಾಠಿ. ಇಂಗ್ಲಿಷ್ ತಾಸಿನಲ್ಲಿ ಮಾತ್ರ ನಲವತ್ತೆರಡು ಬಾಯಿಗಳೂ ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚುತ್ತಿದ್ದವು. "ದಿಸ್ ಈಸ್ ಎ ಬುಕ್." ಪುಸ್ತಕ ಎತ್ತಿ ಹಿಡಿದರೂ ಅದೇ, ಡಸ್ಟರ್ ಎತ್ತಿ ಹಿಡಿದರೂ ಅದೇ. ಒಂದು ದಿನ ನಾನು ಕೊಡೆ ಎತ್ತಿ ತೋರಿಸಿದೆ. ಅದೂ ಬುಕ್ಕೇ ಆಯಿತು.

ಜುಲೈ ೧ರಂದು, ಬಿಡುವಿನ ಹೊತ್ತಿನಲ್ಲಿ, ಕೆಳಗೆ ಕೆಂಡದ ಮೇಲೆ ಮೆಕ್ಕೆಜೋಳದ ಭುಟ್ಟಾ ಸುಡುವವನ ಹತ್ತಿರ ನನ್ನ ತರಗತಿಯ ಒಬ್ಬ ಹುಡುಗಿ ಜಗಳಕ್ಕೆ ನಿಂತಿದ್ದಳು. "ಯೇ ಕಚ್ಚಾ ಹೈ ಭಯ್ಯಾ. ಇಧರ್ ದೇಖೋ. ಫಿರ್ ಸೇ ಸೇಕೋ, ನಿಂಬೂ ಜ್ಯಾದಾ." ಅವನು ಗೊಣಗುತ್ತ ಮತ್ತೆ ಸುಟ್ಟುಕೊಟ್ಟ. ಇವಳು ಯಮನವ್ವ. ಬಿಜಾಪುರದ ಕಡೆಯ ಹಳ್ಳಿಯವಳು, ಹನ್ನೆರಡು ವರ್ಷ, ತಡವಾಗಿ ಶಾಲೆಗೆ ಸೇರಿದವಳು. ತಂದೆ ತಾಯಿ ಸ್ಟೇಷನ್ನಿನ ಆಚೆ ಏಳುತ್ತಿದ್ದ ಒಂದು ಬಿಲ್ಡಿಂಗಿನಲ್ಲಿ ಕೆಲಸಕ್ಕಿದ್ದರು, ಅಲ್ಲೇ ಕೆಳಗಿನ ಮಾಳಿಗೆಯಲ್ಲಿ ಗೋಣಿಚೀಲ ಇಳಿಬಿಟ್ಟುಕೊಂಡು ವಾಸ. ಮುಂಬಯಿಗೆ ಬಂದು ಒಂದೂವರೆ ವರ್ಷವಾಗಿತ್ತು.

"ಹಿಂದಿ ಯಾರ ಕಲಿಸಿದ್ರು ನಿನಗ?" ಎಂದೆ.

"ಕಲಸೂದ ಏನೈತ್ರಿ ಬಾಯಿ?" ಎಂದಳು. ಟೀಚರನ್ನು ಬಾಯಿ ಎನ್ನುವುದು ಇಲ್ಲಿಯ ಮರಾಠಿ ಶಾಲೆಗಳ ರೂಢಿ, ನಮ್ಮ ಮಕ್ಕಳಿಗೂ ಅಂಟಿತ್ತು. "ಹಸದ್ರ ಬರತೈತಿ."

ಆ ರಾತ್ರಿ ಮಲಗುವ ಮುಂಚೆ ಅವಳ ಈ ಮಾತನ್ನು ಬರೆದು ಅಡಿಗೆರೆ ಹಾಕಿದ್ದೇನೆ. ನನ್ನ ತರಗತಿಯಲ್ಲಿ ಯಾರಿಗೂ ಇಂಗ್ಲಿಷಿನ ಹಸಿವಿರಲಿಲ್ಲ. ಹಸಿವು ಹುಟ್ಟಿಸುವುದು ಹೇಗೆಂದು ಯೋಚಿಸಿ ಮೂರು ಆಟ ಕಟ್ಟಿದೆ. ಇಂಥದಕ್ಕೆ ಈಗ ದೊಡ್ಡ ಹೆಸರು ಬಂದಿದೆಯಂತೆ. ನನಗೆ ಆಗ ಅದು ಬರೀ ಆಟ.

ಒಂದು, ಚೀಲದ ಆಟ. ಬಟ್ಟೆಯ ಚೀಲದಲ್ಲಿ ಒಂದು ವಸ್ತು. ಹಿಡಿದವಳಿಗೆ ಮಾತ್ರ ಗೊತ್ತು, ಉಳಿದವರು ಇಂಗ್ಲಿಷಿನಲ್ಲಿ ಕೇಳಿ ಕಂಡುಹಿಡಿಯಬೇಕು. ಎರಡು, ಟಿಕೆಟ್ ಕಿಟಕಿ. ರಟ್ಟಿಗೆ ತೂತು ಕೊರೆದು ಅದರ ಹಿಂದೆ ಒಬ್ಬ ಗುಮಾಸ್ತ. ಯಾವ ಲೋಕಲ್ ಎಷ್ಟು ಗಂಟೆಗೆ ಎಂಬ ಪಟ್ಟಿ ಅವನೊಬ್ಬನ ಹತ್ತಿರ. ಮೂರನೆಯದು ಬೆನ್ನಿಗೆ ಬೆನ್ನು. ಇಬ್ಬರು ಬೆನ್ನಿಗೆ ಬೆನ್ನು ಹಚ್ಚಿ ಕೂತುಕೊಳ್ಳುವುದು, ಒಬ್ಬಳ ಕೈಯಲ್ಲಿ ಚಿತ್ರ, ಇನ್ನೊಬ್ಬಳ ಕೈಯಲ್ಲಿ ಪಾಟಿ, ಬಳಪ. ಚಿತ್ರ ನೋಡುತ್ತಿರುವವಳು ಇಂಗ್ಲಿಷಿನಲ್ಲಿ ಹೇಳಬೇಕು, ಪಾಟಿಯವಳು ಅದನ್ನು ಚಿತ್ರವಾಗಿ ಬರೆಯಬೇಕು, ಏನು ಬರೆದೆ ಎಂದು ಆಗಾಗ ಇಂಗ್ಲಿಷಿನಲ್ಲೇ ಹೇಳಬೇಕು. ಕೊನೆಗೆ ಚಿತ್ರವನ್ನೂ ಪಾಟಿಯನ್ನೂ ಪಕ್ಕಪಕ್ಕ ಹಿಡಿದರೆ ಯಾರ ಮಾತು ಎಲ್ಲಿ ಎಡವಿತೆಂದು ನಾನು ಹೇಳಬೇಕಾದದ್ದೇ ಇಲ್ಲ.

ಇದಕ್ಕೆ ಕೆಂಪು ರಟ್ಟಿನ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಮಗುವಿಗೆ ಒಂದು ಸಾಲು. ತಾನಾಗಿ ಕೂಡಿಸಿ ಆಡಿದ ಒಂದು ಇಂಗ್ಲಿಷ್ ವಾಕ್ಯಕ್ಕೆ ಒಂದು ಗೀಟು. ತಪ್ಪಿದ್ದರೂ ಗೀಟು. ಬಾಯಿಪಾಠಕ್ಕೆ ಗೀಟಿಲ್ಲ. ಈ ನಿಯಮವನ್ನು ಮೊದಲ ಪುಟದಲ್ಲೇ ಬರೆದು ಕೆಳಗೆ ಸಹಿ ಮಾಡಿದ್ದೇನೆ. ಚೆನ್ನಾದ ವಾಕ್ಯಗಳನ್ನು ಹಿಂದಿನ ಪುಟಗಳಲ್ಲಿ ಮಗುವಿನ ಹೆಸರಿನೊಂದಿಗೆ ಆಡಿದ ಹಾಗೆಯೇ ಬರೆದುಕೊಳ್ಳುತ್ತಿದ್ದೆ. ಅದು ಒಳ್ಳೆಯ ಪದ್ಧತಿ ಎಂದೇ ಆಗ ಅನ್ನಿಸಿತ್ತು.

ಮೊದಲ ಗೀಟು ಜುಲೈ ೪ರದು, ಯಮನವ್ವನದು. ಚೀಲದೊಳಗೆ ಬೆಳ್ಳುಳ್ಳಿ ಗಡ್ಡೆ ಇತ್ತು. ಎಲ್ಲರೂ ತುಟಿ ಬಿಗಿದು ಕೂತಿದ್ದರು. ಹಿಂದಿನ ಬೆಂಚಿನಿಂದ ಅವಳು ಎದ್ದು, "ಈಟ್ ಆರ್ ನೋ ಈಟ್?" ಎಂದಳು. ತರಗತಿ ನಕ್ಕಿತು. ಚೀಲ ಹಿಡಿದ ಹುಡುಗಿ "ಈಟ್" ಎಂದಳು. "ಮೈ ಫಾದರ್ ಈಟ್? ಮೈ ಬೇಬಿ ಈಟ್?" "ಫಾದರ್ ಈಟ್. ಬೇಬಿ ಕ್ರೈ." ಮೂಗು ಮುರಿದು, ವಾಸನೆ ಹಿಡಿದು, ಐದು ನಿಮಿಷದಲ್ಲಿ ಸಿಕ್ಕಿಬಿಟ್ಟಿತು. ಬೆಳ್ಳುಳ್ಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಆ ದಿನ ನಲವತ್ತೆರಡೂ ಮಕ್ಕಳು ತಾವಾಗಿಯೇ ಕೇಳಿದರು.

ಜುಲೈ ಪೂರ್ತಿ ಮಳೆ. ಕೆಳಗಿನ ಗಿರಣಿಯ ಹಿಟ್ಟಿನ ಧೂಳು ತೇವಕ್ಕೆ ಹುಳಿತು ಗೋಡೆಗೆ ಅಂಟುತ್ತಿತ್ತು. ಗಟಾರು ತುಂಬಿ ಮೊದಲ ಮೂರು ಮೆಟ್ಟಿಲು ಮುಳುಗುತ್ತಿದ್ದವು, ಮಕ್ಕಳು ಆ ನೀರಲ್ಲೇ ಕಾಲಿಟ್ಟು ಬಂದು ಬೆಂಚಿನ ಕೆಳಗೆ ಕಾಲು ಒಣಗಿಸುತ್ತಿದ್ದರು. ಆದರೂ ನಾನು ಎರಡು ಲೋಕಲ್ ಬದಲಿಸಿ ಓಡಿ ಬರುತ್ತಿದ್ದೆ. ಟಿಕೆಟ್ ಕಿಟಕಿಯ ಆಟದಲ್ಲಿ ಅನಿಲ ಎಂಬ ಹುಡುಗ ಬಂದು ಬಾಯಿಪಾಠ ಮಾಡಿದ ಹಾಗೆ "ಒನ್ ರಿಟರ್ನ್ ಚರ್ಚ್‌ಗೇಟ್, ಪ್ಲೀಸ್" ಎಂದರೆ, ಕಿಟಕಿಯ ಹಿಂದಿದ್ದ ಯಮನವ್ವ, "ನೋ ಟ್ರೇನ್. ರೇನ್. ಗೋ ಹೋಮ್. ಯುವರ್ ಮದರ್ ಕ್ರೈಯಿಂಗ್" ಎಂದು ರಟ್ಟಿನ ಬಾಗಿಲು ಮುಚ್ಚಿಬಿಟ್ಟಳು. ಮಾರನೆಯ ದಿನ ನಾನು ಮಲಾಡಿನಲ್ಲಿ ಇಳಿದ ಮೇಲೆ ನಿಜವಾಗಿಯೂ ಲೋಕಲ್ ನಿಂತವು. ಶಾಲೆಗೆ ಬಂದದ್ದು ಹನ್ನೊಂದೇ ಮಕ್ಕಳು, ಹನ್ನೊಂದೂ ಮಕ್ಕಳು ನನ್ನನ್ನು ನೋಡಿ "ನೋ ಟ್ರೇನ್, ಬಾಯಿ" ಎಂದರು. ಹನ್ನೊಂದು ಗೀಟು ಹಾಕಿದೆ.

ಜುಲೈ ೩೧ಕ್ಕೆ ತರಗತಿಯ ಒಟ್ಟು ಗೀಟು ೭೪, ಯಮನವ್ವನದು ೧೯. ಆಗಸ್ಟ್ ೩೧ಕ್ಕೆ ಒಟ್ಟು ೨೬೩, ಅವಳದು ೫೭. ಅನಿಲನದು ೬. ಒಂದೂ ಗೀಟಿಲ್ಲದವರು ಹನ್ನೊಂದು ಮಂದಿ ಉಳಿದಿದ್ದರು.

ಅವಳ ಅತಿ ಒಳ್ಳೆಯ ದಿನ ಆಗಸ್ಟ್ ೨೦. ಬೆನ್ನಿಗೆ ಬೆನ್ನು ಆಟ. ನಾನೇ ಸ್ಟೆನ್ಸಿಲ್ ಮೇಲೆ ಬಿಡಿಸಿ ಶಾಲೆಯ ಸೈಕ್ಲೋಸ್ಟೈಲಿನಲ್ಲಿ ತೆಗೆದ ಚಿತ್ರ. ಒಂದು ಬಿಲ್ಡಿಂಗ್, ಎರಡು ಕಿಟಕಿ, ಎಡಕ್ಕೆ ನಲ್ಲಿ, ನಲ್ಲಿಯ ಪಕ್ಕ ಬಾಗಿಲು, ಮೇಲೆ ಬೆಕ್ಕು. ಅವಳ ಬೆನ್ನಿಗೆ ಕೂತ ಸುಜಾತಾ ಎಂಬ ಹುಡುಗಿ ಪಾಟಿಯ ಮೇಲೆ ಬರೆಯುತ್ತ "ಐ ಪುಟ್ ಡೋರ್ ಮಿಡ್ಲ್" ಎಂದಳು. ಯಮನವ್ವ ಬೆನ್ನಿನಿಂದಲೇ ಅವಳನ್ನು ತಳ್ಳಿದಳು. "ನೋ, ನೋ. ನಾಟ್ ದೇರ್. ರಬ್. ರಬ್ ಇಟ್. ಡೋರ್ ಇಸ್ ಗೋಯಿಂಗ್ ಟು ವಾಟರ್." ಬಾಗಿಲು ನೀರಿನ ಕಡೆ ಹೋಗುತ್ತದೆ. ಅದನ್ನು ನಗುತ್ತಲೇ ಬರೆದುಕೊಂಡದ್ದು ಸೊಟ್ಟಗಾದ ಅಕ್ಷರದಲ್ಲಿ ಕಾಣುತ್ತದೆ.

ಈ ನಡುವೆ ಒಂದು ಸುದ್ದಿ ಹಬ್ಬಿತ್ತು. ಶಾಲೆಯ ಕಮಿಟಿಯವರು ಮುಂದಿನ ಜೂನಿನಿಂದ ಆರನೇ ಇಯತ್ತೆಗೆ ಒಂದು ಇಂಗ್ಲಿಷ್ ತುಕಡಿ, ಎಂದರೆ ಇಂಗ್ಲಿಷಿನಲ್ಲೇ ಕಲಿಸುವ ಬೇರೆ ವರ್ಗ, ತೆರೆಯುವವರಿದ್ದರು. ಐದನೆಯದರಿಂದ ಎಂಟು ಮಕ್ಕಳನ್ನು ಆರಿಸುವುದು, ಅವರಲ್ಲಿ ಚೆನ್ನಾಗಿ ಮಾತಾಡುವ ಒಂದು ಮಗುವಿಗೆ ಪುಕ್ಕಟೆ ಸೀಟು, ಮೆಟ್ರಿಕ್ ಮುಗಿಯುವವರೆಗೆ ಫೀ, ಪುಸ್ತಕ, ಬಟ್ಟೆ ಎಲ್ಲ ಶಾಲೆಯದೇ.

ಆಗಸ್ಟ್ ೨೬ರ ಸಂಜೆ ಯಮನವ್ವನ ತಾಯಿ ಕೆಲಸದಿಂದ ನೇರ ಶಾಲೆಗೆ ಬಂದಳು. ಮೆಟ್ಟಿಲ ಮೇಲೇ ನಿಂತಳು, ಒಳಗೆ ಬಾ ಎಂದರೂ ಬರಲಿಲ್ಲ. ಕಾಲಿನ ಸಿಮೆಂಟು ನೆಲಕ್ಕೆ ಹತ್ತುತ್ತದೆ ಎಂದಳು.

"ಆ ಸೀಟ ನಮ್ಮ ಹುಡುಗಿಗಿ ಸಿಗತೈತೇನ್ರಿ ಬಾಯಾರ?"

"ಯಾಕ ಕೇಳ್ತೀ?"

"ಬಿಲ್ಡಿಂಗ ದಿವಾಳಿಗಿ ಮುಗೀತೈತ್ರಿ. ಆಮ್ಯಾಲೆ ಕೆಲಸ ಕೊಡೂ ಮುಕಾದಮ ಎಲ್ಲಿಗಿ ಹೊಂಟಾನೋ ಅಲ್ಲಿಗಿ. ಸೀಟ ಸಿಕ್ರ ಇಲ್ಲೇ ಚಾಳಿನಾಗ ಆಕಿ ಅತ್ತಿ ಕಡೆ ಬಿಟ್ಟ ಹೋಗ್ತೀನಿ. ಇಲ್ಲಾಂದ್ರ ಕರಕೊಂಡ ಹೋಗೂದ. ಸಣ್ಣ ಕೂಸ ಐತಿ, ಹಿಡ್ಯಾಕ ಒಬ್ರ ಬೇಕು."

ನಾನು ಕೆಂಪು ನೋಟ್‌ಬುಕ್ ತೆರೆದು ಅವಳ ಮಗಳ ಸಾಲು ತೋರಿಸಿದೆ. ಓದು ಬಾರದವಳಿಗೂ ಯಾವ ಸಾಲು ಉದ್ದ ಎಂದು ಕಂಡಿತು. "ಸಿಗ್ತದ" ಎಂದೆ. ಅವಳು ನೋಟ್‌ಬುಕ್ ಮುಟ್ಟದೆ ದೂರದಿಂದಲೇ ಕೈ ಮುಗಿದಳು. ನೋಟ್‌ಬುಕ್ಕಿಗೆ.

ಸೆಪ್ಟೆಂಬರ್ ೨, ಸೋಮವಾರ, ಹೆಡ್‌ಮಾಸ್ತರು ಕರೆಸಿದರು. ದಕ್ಷಿಣ ಕನ್ನಡದ ಕಡೆಯವರು, ದನಿ ಎತ್ತಿ ಮಾತಾಡಿದವರಲ್ಲ. ಬಾಯಲ್ಲಿ ಯಾವಾಗಲೂ ಎಲೆಯಡಿಕೆ, ಮೇಜಿನ ಕೆಳಗೆ ಒಂದು ಡಬ್ಬಿ. ಮಾತಿನ ನಡುವೆ ಬಗ್ಗಿ ಆ ಡಬ್ಬಿಗೆ ಉಗುಳಿ, ಮತ್ತೆ ಎದ್ದು ಅದೇ ಪದದಿಂದ ಮುಂದುವರಿಸುತ್ತಿದ್ದರು.

"ಕಟ್ಟಿ ಬಾಯಿ, ನಿಮ್ಮ ಆಟದ ಸುದ್ದಿ ಕಮಿಟಿಯವರೆಗೆ ಹೋಗಿದೆ. ಗಣಪತಿಗೆ ಮುಂಚೆ, ಹದಿಮೂರಕ್ಕೆ ಶುಕ್ರವಾರ ನೋಡ್ಲಿಕ್ಕೆ ಬರ್ತಾರೆ. ಕಾಲೇಜಿನ ಇಂಗ್ಲಿಷ್ ಪ್ರೊಫೆಸರು ಒಬ್ಬರನ್ನೂ ಕರ್ಕೊಂಡು ಬರ್ತಾರೆ. ಸೀಟು ಯಾರಿಗೆ ಅಂತ ಅವರೇ ಅಲ್ಲೇ ಹೇಳುದು. ಮಕ್ಕಳು ಎಂತ ಮಾತಾಡ್ತಾರೆ ಅಂತ ಬರೆದು ಕೊಡಿ."

"ಅದು ನನಗೂ ಗೊತ್ತಿರೂದಿಲ್ಲ ಸರ್. ಮೊದಲ ಗೊತ್ತಿದ್ರ ಆಟ ಆಗೂದಿಲ್ಲ. ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಿರಬಾರದು, ಅದಕ್ಕ ಅವರು ಮಾತಾಡ್ತಾರ."

"ಹೌದು ಮಾರಾಯ್ರೆ, ಕ್ಲಾಸಿಗೆ ಅದು ಚಂದ. ಮದುವೆ ಮನೆ ಅಡುಗೆಯವ ನೆಂಟರ ಎದುರು ಕೂತು, ಇವತ್ತು ಎಂತ ಆಗ್ತದೋ ನೋಡುವ ಅಂತ ಹೇಳ್ತಾನಾ?" ಬಗ್ಗಿದರು, ಎದ್ದರು. "ಬರೆದು ಕೊಡಿ. ಮತ್ತೆ ಎರಡು ತಪ್ಪೂ ಇರಲಿ. ತೀರಾ ಶುದ್ಧ ಆದ್ರೆ ಬಾಯಿಪಾಠ ಅಂತ ಗೊತ್ತಾಗ್ತದೆ."

ನಾನು ಯಮನವ್ವನ ಹೆಸರು ಹೇಳಿದೆ.

"ಅವಳು ಬೇಡ. ಕಾಲಿಗೆ ಬೂಟಿಲ್ಲ. ಅವರು ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಸೀಟು ಕೊಟ್ಟು ಬೆಂಚು ಖಾಲಿ ಇಡುದಾ? ಅನಿಲನನ್ನು ನಿಲ್ಲಿಸಿ. ಅವನ ಮಾವ ಕಮಿಟಿಯಲ್ಲಿ ಇದ್ದಾರೆ, ನಿಮಗೆ ಗೊತ್ತುಂಟಲ್ಲ." ಆಮೇಲೆ ತುಂಬ ಅಕ್ಕರೆಯಿಂದ ಅಂದರು, "ನಿಮ್ಮ ಖಾಯಂ ಕಾಗದವೂ ಅದೇ ಮೀಟಿಂಗಿಗೆ ಬರ್ತದೆ ಆಯ್ತಾ?"

ಸೀಟು ಸಿಕ್ಕರೆ ಅವಳು ಎಲ್ಲಿಗೂ ಹೋಗುವುದಿಲ್ಲ, ಅತ್ತೆಯ ಹತ್ತಿರ ಉಳಿಯುತ್ತಾಳೆ ಎಂದು ನಾನು ಹೇಳಬೇಕಿತ್ತು. ತಾಯಿ ಏಳು ದಿನದ ಹಿಂದೆ ನನಗೆ ಹೇಳಿದ್ದೇ ಅದು. ಹೇಳಲಿಲ್ಲ. ಡಬ್ಬಿಯನ್ನೇ ನೋಡುತ್ತಿದ್ದೆ. ಒಂದು ಜೊತೆ ಬೂಟು ನಾನೇ ತರಬಹುದಿತ್ತು ಎಂಬ ವಿಚಾರ ಬಂದದ್ದು ಹದಿನಾಲ್ಕನೇ ತಾರೀಕು, ಎಲ್ಲ ಮುಗಿದ ಮೇಲೆ. ಅದನ್ನೂ ಬರೆದಿಟ್ಟಿದ್ದೇನೆ.

ಸೆಪ್ಟೆಂಬರ್ ೩ರಂದು ಸಂಭಾಷಣೆ ಬರೆದೆ. ಇಪ್ಪತ್ತೈದೇ ನಿಮಿಷ ಹಿಡಿಯಿತು. ಯಾಕೆಂದರೆ ಬರೆಯುವುದು ಏನೂ ಇರಲಿಲ್ಲ. ಸಹಜವಾದ ಎರಡು ತಪ್ಪು ಹುಡುಕಲು ನಾನು ಕೆಂಪು ನೋಟ್‌ಬುಕ್ಕಿನ ಹಿಂದಿನ ಪುಟ ತೆರೆದೆ. ಯಮನವ್ವ, ಆಗಸ್ಟ್ ೨೦. "ನೋ, ನೋ. ನಾಟ್ ದೇರ್. ರಬ್. ರಬ್ ಇಟ್. ಡೋರ್ ಇಸ್ ಗೋಯಿಂಗ್ ಟು ವಾಟರ್." ಅದನ್ನು ಹಾಗೇ ಎತ್ತಿ ಎದುರಿಗೆ ಅನಿಲ ಎಂದು ಹೆಸರು ಹಾಕಿದೆ. ಪಾಟಿಯ ಬದಲು ಬೋರ್ಡಿನ ಮೇಲೆ ಬರೆಯುವುದು ಸುಜಾತಾ, ಬೋರ್ಡಿಗೆ ಬೆನ್ನು ಮಾಡಿ ನಿಂತು ಹೇಳುವುದು ಅನಿಲ. ಸುಜಾತಾ ಮೊದಲು ಬಾಗಿಲನ್ನು ನಡುವೆ ಬರೆಯಬೇಕು, "ಐ ಪುಟ್ ಡೋರ್ ಮಿಡ್ಲ್" ಎನ್ನಬೇಕು. ಆಗ ಅನಿಲ ಸಿಟ್ಟಾಗಬೇಕು. ನಾಲ್ಕನೇ ತಾರೀಕು ಅದನ್ನು ಸ್ಟೆನ್ಸಿಲ್ ಮಾಡಿ ಹನ್ನೆರಡು ಪ್ರತಿ ತೆಗೆದೆ. ಶಾಯಿ ಉಗುರಿನ ಸಂದಿಗೆ ಹೋಯಿತು. ದಾದರಿನಲ್ಲಿ ಲೋಕಲ್ ಬದಲಿಸುವಾಗ ಕಂಬಿ ಹಿಡಿದ ಕೈ ಮೂಗಿನ ಹತ್ತಿರವೇ ಇತ್ತು. ಮುಲುಂಡಿನವರೆಗೆ ಆ ವಾಸನೆ ಕುಡಿದುಕೊಂಡು ಬಂದೆ.

ತಾಲೀಮು ಹದಿಮೂರು ಸಲ. ಎರಡನೇ ದಿನ ಅನಿಲ ಹಾಳೆ ಹಿಡಿದು ನನ್ನ ಹತ್ತಿರ ಬಂದ. ಒಳ್ಳೆಯ ಹುಡುಗ, ಹೇಳಿಕೊಟ್ಟದ್ದನ್ನು ಹೇಳುವವನು. "ಇದು ಯಮನವ್ವ ಹೇಳಿದ್ದಲ್ವಾ ಬಾಯಿ?"

"ಸುಮ್ನ ಕಲಿ" ಎಂದೆ.

ಯಮನವ್ವ ಹಿಂದಿನ ಬೆಂಚಿನಿಂದ ಎಲ್ಲ ನೋಡುತ್ತಿದ್ದಳು. ಅವಳಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಇದೂ ಒಂದು ಆಟ, ಸರದಿಯಲ್ಲಿ ತನ್ನದೂ ಬರುತ್ತದೆ ಎಂದುಕೊಂಡಿದ್ದಳು. ಅನಿಲ ರಾಗವಾಗಿ "ರಬ್, ರಬ್ ಇಟ್" ಎಂದಾಗ ಎದ್ದು ಬಂದು ತಿದ್ದಿದಳು. "ಹಂಗಲ್ಲೋ ಮಾರಾಯಾ. ದೇವರ ಹಾಡು ಹಾಡಾಕತ್ತೀ ಏನು? ಆಕಿ ತಪ್ಪ ಬಿಡಸ್ಯಾಳ, ನಿನಗ ಸಿಟ್ಟ ಬಂದೈತಿ. ರಬ್! ಹಿಂಗ." ಅವನು ಅವಳ ಹಾಗೇ ಅಂದ. ಚೆನ್ನಾಗಿ ಬಂತು. ಅವಳು ನನ್ನ ಕಡೆ ತಿರುಗಿ ಕೇಳಿದಳು, "ನನ್ನ ಪಾಳಿ ಯಾವಾಗ್ರಿ ಬಾಯಿ?"

"ಅವತ್ತ ನೋಡೋಣ" ಎಂದೆ.

ಸೆಪ್ಟೆಂಬರ್ ೧೩ರ ಬೆಳಿಗ್ಗೆ ಮೆಟ್ಟಿಲ ಗೋಡೆಗೆ ಸುಣ್ಣ ಹೊಡೆದಿದ್ದರು, ಕಣ್ಣಿಗೆ ಬೀಳುವ ಎತ್ತರದವರೆಗೆ ಮಾತ್ರ. ಕಮಿಟಿಯವರು ಐದು ಜನ, ಪ್ರೊಫೆಸರು ಒಬ್ಬರು, ಹಾರ ಆರು, ಕುರ್ಚಿ ಆರು. ಹೊರಗೆ ಒಂದೇ ಸಮ ಮಳೆ. ಬೂಟಿಲ್ಲದ ಒಂಬತ್ತು ಮಕ್ಕಳನ್ನು ಕಾಲು ಕಾಣದ ಹಾಗೆ ಕೊನೆಯ ಎರಡು ಬೆಂಚಿನಲ್ಲಿ ಕೂಡಿಸಿದ್ದು ನಾನೇ. ಯಮನವ್ವ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿಕೊಂಡು ಬಂದಿದ್ದಳು. ಕೆಂಪು ರಿಬ್ಬನ್ನು, ಹೊಸದು.

ಅನಿಲ ಶುರು ಮಾಡಿದ. ಬಿಲ್ಡಿಂಗ್ ಬಂತು, ಕಿಟಕಿ ಬಂದವು, ನಲ್ಲಿ ಬಂತು. "ಡೋರ್ ಇಸ್ ನಿಯರ್ ಟ್ಯಾಪ್" ಎಂದ. ಇಲ್ಲಿ ಸುಜಾತಾಳ ಪಾಠ ತಪ್ಪಿತು. ಆರು ಹಾರಗಳನ್ನು ನೋಡಿ ಅವಳಿಗೆ ತನ್ನ ವಾಕ್ಯ ಮರೆತುಹೋಯಿತು. ವಾಕ್ಯ ಮರೆತ ಮಗು ಮಾಡುವುದೇನು? ಕಿವಿಗೆ ಬಿದ್ದದ್ದನ್ನು ಮಾಡಿತು. ನಲ್ಲಿಯ ಪಕ್ಕದಲ್ಲಿ, ಚಿತ್ರದಲ್ಲಿದ್ದ ಜಾಗದಲ್ಲೇ, ಬಾಗಿಲು ಬರೆದು ಸುಮ್ಮನೆ ನಿಂತಿತು. ಆಡಿದ ಮಾತು ಆ ಹೊತ್ತಿಗೆ ನಿಜವಾಗಿಯೂ ಒಬ್ಬರಿಂದ ಒಬ್ಬರಿಗೆ ಮುಟ್ಟಿತ್ತು, ನನ್ನ ಆಟ ನನ್ನ ಹಾಳೆಯನ್ನು ಮೀರಿ ಗೆದ್ದಿತ್ತು. ಅನಿಲ ಬೆನ್ನು ಮಾಡಿ ನಿಂತವನು ಕಾದ, ಕಾದ, ಮುಂದಿನ ಸಾಲು ಹೇಳಿಯೇಬಿಟ್ಟ. "ನೋ, ನೋ. ನಾಟ್ ದೇರ್. ರಬ್! ರಬ್ ಇಟ್. ಡೋರ್ ಇಸ್ ಗೋಯಿಂಗ್ ಟು ವಾಟರ್."

ಕುರ್ಚಿಗಳು ನಕ್ಕವು. ಸುಜಾತಾ ನನ್ನನ್ನು ನೋಡಿದಳು. ನಾನು ತಲೆ ಆಡಿಸಿದೆ. ಅವಳು ಸರಿಯಿದ್ದ ಬಾಗಿಲನ್ನು ಅಂಗೈಯಿಂದ ಒರೆಸಿದಳು, ಆಮೇಲೆ ಮತ್ತೆ ಅಲ್ಲೇ ಬರೆದಳು. ಚಪ್ಪಾಳೆ ಬಿತ್ತು.

ಹಿಂದಿನಿಂದ ಬೆಂಚು ಸರಿದ ಸದ್ದಾಯಿತು. "ಬಾಯಿ, ಡೋರ್ ವಾಸ್ ಕರೆಕ್ಟ್. ವೈ ಶಿ ರಬ್?"

ಚಪ್ಪಾಳೆ ನಿಂತಿತು. ಯಮನವ್ವ ಬರಿಗಾಲಿನಲ್ಲಿ ಬೆಂಚಿನಾಚೆ ಬಂದು ಬೋರ್ಡಿನ ಕಡೆ ಕೈ ತೋರಿಸುತ್ತ ನಿಂತಿದ್ದಳು. ಕೀಟಲೆ ಇರಲಿಲ್ಲ ಅವಳ ಮುಖದಲ್ಲಿ. ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ. ಹೆಡ್‌ಮಾಸ್ತರು ಮೆಲ್ಲಗೆ "ಕೂತ್ಕೋ" ಎಂದರು. ಅವಳು ನನ್ನನ್ನು ನೋಡುತ್ತಲೇ ಇದ್ದಳು. ನಾನು ಕೈಯಿಂದ ಕೂರು ಎಂಬ ಸನ್ನೆ ಮಾಡಿದೆ.

ಪ್ರೊಫೆಸರು ಮೈಸೂರು ಕಡೆಯವರು. ಚಹಾ ಕುಡಿಯುತ್ತ ಕಮಿಟಿಯವರಿಗೆ ಹೇಳಿದರು, "ಆ ರಬ್ ರಬ್ ಅಂದನಲ್ಲ, ಅದನ್ನ ಯಾರೂ ಕಲಿಸೋಕಾಗಲ್ಲ ಕಣ್ರೀ. ಈ ಹುಡುಗ ಇಂಗ್ಲಿಷಲ್ಲೇ ಯೋಚನೆ ಮಾಡ್ತಾನೆ." ಆಮೇಲೆ ನನ್ನ ಕಡೆ ತಿರುಗಿ, "ಹಿಂದೆ ಎದ್ದು ನಿಂತಳಲ್ಲ ಒಬ್ಬಳು, ಯಾರಮ್ಮ ಅವಳು?"

ಒಂದು ಬಾಗಿಲು ಇದ್ದದ್ದು ಅಲ್ಲಿ. ಅವರು ಕೇಳಿದ್ದರು, ನಾನು ಕೆಂಪು ನೋಟ್‌ಬುಕ್ ತೆರೆದು ಉದ್ದದ ಸಾಲು ತೋರಿಸಿದ್ದರೆ ಮುಗಿಯುತ್ತಿತ್ತು. ಅದು ನನ್ನ ಕಂಕುಳಲ್ಲೇ ಇತ್ತು. ಹೆಡ್‌ಮಾಸ್ತರು ಪೇಢೆಯ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದರು.

"ಹೊಸದಾಗಿ ಸೇರಿದಾಳ ಸರ್. ಪಾಠ ಇನ್ನೂ ಹಿಡಿತಕ್ಕ ಬಂದಿಲ್ಲ" ಎಂದೆ.

ಏಳು ಶಬ್ದ. ಯಾರೂ ಬರೆದುಕೊಟ್ಟದ್ದಲ್ಲ. ಹೆಡ್‌ಮಾಸ್ತರು ಒಂದು ಪೇಢೆ ನನ್ನ ಕೈಗಿಟ್ಟರು. ಅವರ ಬೆರಳಿನ ತುದಿ ಕೆಂಪಾಗಿತ್ತು. ಅದನ್ನು ನೋಡಿಯೂ ನಾನು ಆ ಪೇಢೆ ತಿಂದೆ. ಆ ಸಂಜೆ ಇಳಿಯುವಾಗ ಹೊಸ ಸುಣ್ಣದ ಮೇಲೆ ಮೂರು ಹೊಸ ಕಲೆ.

ಸೀಟು ಅನಿಲನಿಗೆ ಹೋಯಿತು. ಸೋಮವಾರ, ೧೬ನೇ ತಾರೀಕು, ನಾನು ಏನೂ ಆಗದವಳ ಹಾಗೆ ಬೆನ್ನಿಗೆ ಬೆನ್ನು ಆಟ ಇಟ್ಟೆ. ಹೊಸ ಚಿತ್ರ, ಒಂದು ಹಡಗು. ಯಮನವ್ವನ ಕೈಗೆ ಕೊಟ್ಟೆ. ಅವಳು ಅದನ್ನು ನೋಡಿ, ಮಡಿಸಿ, ನನ್ನ ಮೇಜಿನ ಮೇಲಿಟ್ಟಳು.

"ಬರದ ಕೊಡ್ರಿ ಬಾಯಿ" ಎಂದಳು. "ಬಾಯಿಪಾಠ ಮಾಡ್ತೀನಿ."

ಅವಳ ದನಿಯಲ್ಲಿ ಚುಚ್ಚು ಇತ್ತೋ ಇಲ್ಲವೋ, ನಾಲ್ಕು ವರ್ಷದಿಂದ ಯೋಚಿಸಿದ್ದೇನೆ. ಇರಲಿಲ್ಲ ಎಂದೇ ಅನ್ನಿಸುತ್ತದೆ. ಸೀಟು ಯಾವುದಕ್ಕೆ ಸಿಗುತ್ತದೆ ಎಂದು ಅವಳು ಕಣ್ಣಾರೆ ಕಂಡಿದ್ದಳು, ಮುಂದಿನ ಸಲಕ್ಕೆ ತಯಾರಾಗುತ್ತಿದ್ದಳು. ಅವಳನ್ನು ನೋಡಿ ಉಳಿದವರೂ ಕೇಳಿದರು. ನಮಗೂ ಬರೆದು ಕೊಡಿ, ನಮಗೂ. ಸೆಪ್ಟೆಂಬರ್ ಕೊನೆಯವರೆಗೆ ಇಡೀ ತರಗತಿಗೆ ಒಂಬತ್ತು ಗೀಟು. ಯಮನವ್ವನದು ಒಂದೂ ಇಲ್ಲ. ಅಕ್ಟೋಬರಿನ ಪುಟ ಖಾಲಿ. ನನ್ನ ಖಾಯಂ ಕಾಗದ ಸೆಪ್ಟೆಂಬರ್ ೩೦ಕ್ಕೆ ಬಂತು. ಮನೆಯಲ್ಲಿ ಅವ್ವ ಶಿರಾ ಮಾಡಿದ್ದಳು.

ದೀಪಾವಳಿ ರಜೆ ಕಳೆದು ನವೆಂಬರ್ ೨೫ಕ್ಕೆ ಶಾಲೆ ತೆರೆದಾಗ ಅವಳು ಬರಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಸ್ಟೇಷನ್ನಿನ ಆಚೆ ಹೋಗಿ ನೋಡಿದೆ. ಬಿಲ್ಡಿಂಗಿಗೆ ಬಣ್ಣ ಬಳಿದಾಗಿತ್ತು. ಗೋಣಿಚೀಲ ಇಳಿಬಿಟ್ಟಿದ್ದ ಜಾಗಕ್ಕೆ ಹೊಳೆಯುವ ಹಿಡಿಕೆಯ ಬಾಗಿಲು. ವಾಚ್‌ಮನ್ ಸ್ಟೂಲಿನಿಂದ ಏಳದೆಯೇ ಅಂದ, "ವೋ ಲೋಗ್? ಸಬ್ ಚಲೇ ಗಯೇ. ಕಿಧರ್ ಗಯೇ, ಕೌನ್ ಪೂಛತಾ ಹೈ." ಚಾಳಿನಲ್ಲಿ ಅತ್ತೆಯನ್ನು ಎರಡು ಭಾನುವಾರ ಹುಡುಕಿದೆ. ಯಾವ ಚಾಳು ಎಂದು ನಾನು ಕೇಳಿಯೇ ಇರಲಿಲ್ಲ. ಎಲ್ಲವನ್ನೂ ಬರೆದಿಟ್ಟವಳು ಅದೊಂದನ್ನು ಬರೆದಿರಲಿಲ್ಲ.

ಮತ್ತೊಂದು ವರ್ಷ ಆ ಶಾಲೆಯಲ್ಲಿದ್ದೆ. ಮಕ್ಕಳು ಚೆನ್ನಾಗಿ ಬಾಯಿಪಾಠ ಒಪ್ಪಿಸಿದರು. ೧೯೭೬ರ ಏಪ್ರಿಲಿನಲ್ಲಿ ಬಿಟ್ಟು ಫೋರ್ಟಿನ ಈ ಆಫೀಸಿಗೆ ಬಂದೆ. ಇಲ್ಲಿ ಯಾರೂ ಯಾರಿಗೂ ಏನನ್ನೂ ಕಲಿಸಬೇಕಾಗಿಲ್ಲ.

ಈಗ ಹತ್ತು ಮುಕ್ಕಾಲು. ಸೈಕ್ಲೋಸ್ಟೈಲ್ ಹಾಳೆಯನ್ನು ಹರಿಯಬೇಕೆಂದು ತೆಗೆದವಳು ಹರಿಯಲಿಲ್ಲ. ಅನಿಲ ಎಂದು ಅಚ್ಚಾದಲ್ಲೆಲ್ಲ ಗೀಟು ಹೊಡೆದು ಮೇಲೆ ಯಮನವ್ವ ಎಂದು ಬರೆದೆ. ಕೆಂಪು ನೋಟ್‌ಬುಕ್ಕೂ ಟ್ರಂಕಿನಲ್ಲೇ ಇತ್ತು. ೧೯೭೪ ಸೆಪ್ಟೆಂಬರ್ ೧೩ರ ಎದುರು ಅವಳ ಸಾಲಿನಲ್ಲಿ ನಾನು ಏನೂ ಹಾಕಿರಲಿಲ್ಲ. ಅವತ್ತು ಅವಳಾಡಿದ್ದು ಎರಡು ವಾಕ್ಯ, ಎರಡು ಗೀಟು ಹಾಕಿದೆ. ಈಗ ೫೯.

ಇದನ್ನು ಓದುವವರಲ್ಲಿ ಯಾರಿಗಾದರೂ ಅವಳು ಗೊತ್ತಿರಬಹುದು. ಈಗ ಹದಿನಾರು ವರ್ಷ, ಎಡ ಮುಂಗೈ ಮೇಲೆ ಸುಣ್ಣ ಸುಟ್ಟ ಬಿಳಿ ಕಲೆ. ಬಿಜಾಪುರದ ಕಡೆಯ ಕೆಲಸಗಾರರ ಜೊತೆ ಯಾವುದಾದರೂ ಏಳುತ್ತಿರುವ ಬಿಲ್ಡಿಂಗಿನಲ್ಲಿ ಇರಬಹುದು, ಊರಿಗೂ ಹೋಗಿರಬಹುದು. ಅವಳು ಎಲ್ಲಿದ್ದಾಳೆ, ಓದುತ್ತಿದ್ದಾಳೋ ಇಲ್ಲವೋ ತಿಳಿದವರು ಈ ಪತ್ರಿಕೆಗೆ ಎರಡು ಸಾಲು ಬರೆಯಬೇಕು. ಅವಳೇ ಸಿಕ್ಕರೆ, ಅವಳು ಕೇಳಿದ ಪ್ರಶ್ನೆಗೆ ಉತ್ತರ ತಲುಪಿಸಬೇಕು: ಬಾಗಿಲು ಸರಿಯಾಗಿಯೇ ಇತ್ತು. ಅಳಿಸು ಎಂದು ತಲೆ ಆಡಿಸಿದವಳು ನಾನು.